ಒಂದೇ ಪೈಪು, ಎರಡು ತುದಿ

ಗೆಳೆಯರೇ, ಇವತ್ತು ಸ್ವಲ್ಪ ಉದ್ದ ಬರೀತಿದ್ದೀನಿ. ವಿಷಯ ಏನಪ್ಪಾ ಅಂದ್ರೆ ನಲ್ಲಿ, ಪೈಪು, ಬಚ್ಚಲಿನ ಶವರ್ರು. ಹೋರಾಟದ ಗೋಡೆ ಮೇಲೆ ಇದೇನು ಪ್ಲಂಬಿಂಗ್ ಪಾಠ ಅಂತ ನಗಬೇಡಿ. ಪೂರ್ತಿ ಓದಿ.

'ಡು ಇಟ್ ಯುವರ್‌ಸೆಲ್ಫ್', ಅಂದ್ರೆ ಕೆಲಸದವರನ್ನು ಕರೆಯದೆ ನಾವೇ ಮಾಡ್ಕೊಳ್ಳೋದು. ಪೇಟೆ ಜನಕ್ಕೆ ಇದೀಗ ಒಂದು ಹವ್ಯಾಸ. ಯೂಟ್ಯೂಬ್ ತೆರೆದರೆ ಸಾಲುಸಾಲು ವಿಡಿಯೊ: ಭಾನುವಾರ ಒಂದೇ ದಿನದಲ್ಲಿ ಬಾತ್‌ರೂಮ್ ಬದಲಾಯಿಸಿ, ನಿಮ್ಮ ಶವರ್ ನೀವೇ ಕೂರಿಸಿ. ಒಳ್ಳೇದೇ. ಆದರೆ ನಮ್ಮ ಜನಕ್ಕೆ ಇದು ಹೊಸದಲ್ಲ, ಹವ್ಯಾಸವೂ ಆಗಿರಲಿಲ್ಲ. ಬಾಬಾಸಾಹೇಬರು ತಮ್ಮ ಬಾಲ್ಯದ ಬಗ್ಗೆ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದದ್ದು ನೆನಪಿಸಿಕೊಳ್ಳಿ. ಅವರ ಮನೆಯಲ್ಲಿ ಬಟ್ಟೆ ಒಗೀತಿದ್ದದ್ದು ಅಕ್ಕಂದಿರು. ತಲೆಕೂದಲು ಕತ್ತರಿಸ್ತಿದ್ದದ್ದೂ ದೊಡ್ಡಕ್ಕನೇ. ಸಾತಾರಾದಲ್ಲಿ ಅಗಸರಿರಲಿಲ್ವಾ? ಇದ್ದರು. ಕ್ಷೌರಿಕರೂ ಇದ್ದರು. ಮಿಲಿಟರಿ ಸುಬೇದಾರರ ಮನೆ, ಕೊಡೋಕೆ ದುಡ್ಡೂ ಇತ್ತು. ಆದರೆ ಮುಟ್ಟುವವರು ಇರಲಿಲ್ಲ. ಆ ಅಕ್ಕ ಕತ್ತರಿ ಹಿಡಿದದ್ದು ಆ ಕಾರಣಕ್ಕೆ.

ಅದೇ ಬರಹದಲ್ಲಿ ಒಂದು ನಲ್ಲಿಯೂ ಬರುತ್ತೆ. ಶಾಲೆಯ ನಲ್ಲಿ. ಬೇರೆ ಮಕ್ಕಳು ಬಾಯಾರಿದರೆ ಮೇಷ್ಟ್ರ ಅಪ್ಪಣೆ ಕೇಳಿ ಹೋಗಿ, ತಾವೇ ನಲ್ಲಿ ತಿರುಗಿಸಿ ಕುಡಿದು ಬರ್ತಿದ್ರು. ಭೀಮರಾವ್ ಅನ್ನೋ ಹುಡುಗನಿಗೆ ಅಪ್ಪಣೆ ಸಿಕ್ಕರೂ ಸಾಲದು. ನಲ್ಲಿ ತಿರುಗಿಸೋಕೆ 'ಮುಟ್ಟಬಹುದಾದ' ಜಾತಿಯ ಒಬ್ಬ ಬೇಕು. ಆ ಕೆಲಸ ಜವಾನನದು. ಜವಾನ ರಜೆ ಹಾಕಿದ ದಿನ ಹುಡುಗನಿಗೆ ನೀರಿಲ್ಲ.

ಈ ನಲ್ಲಿಯ ಬಗ್ಗೆ ನಾನು ಬಹಳ ಯೋಚಿಸಿದ್ದೀನಿ. ಬಾವಿ, ಕೆರೆಗಳ ವಿಷಯದಲ್ಲಿ ಅವರ ವಾದ ಏನಿತ್ತು? ನೀವು ಕೊಡ ಮುಳುಗಿಸಿದರೆ ನೀರೆಲ್ಲ ಮೈಲಿಗೆ ಅನ್ನೋದು. ನಲ್ಲಿಯಲ್ಲಿ ಅದಕ್ಕೆ ಅವಕಾಶವೇ ಇಲ್ಲ. ನೀರು ಮೇಲಿನ ತೊಟ್ಟಿಯಿಂದ ಒತ್ತಡದಲ್ಲಿ ಕೆಳಗೆ ಬರುತ್ತೆ, ಕುಡಿದವನ ಕೈಯಿಂದ ಹಿಂದಕ್ಕೆ ಹೋಗಲ್ಲ. ಮೈಲಿಗೆಯ ವಾದವನ್ನು ಅದರದೇ ಲೆಕ್ಕದಲ್ಲಿ ಸೋಲಿಸುವ ಯಂತ್ರ ಅದು. ಹಾಗಿದ್ದರೂ ಜಾತಿ ಸೋಲಲಿಲ್ಲ. ನೀರನ್ನು ಕಾಯೋಕೆ ಆಗದಿದ್ದಾಗ ತಿರುಪನ್ನು ಕಾಯ್ತು. ಯಂತ್ರ ಬಂದರೆ ಜಾತಿ ತಾನಾಗೇ ಹೋಗುತ್ತೆ ಅನ್ನುವವರಿಗೆ ಸಾತಾರಾದ ಆ ಒಂದು ನಲ್ಲಿ ಸಾಕು ಉತ್ತರ.

ಮಹಾಡ್ ಕಥೆ ನಿಮಗೆಲ್ಲ ಗೊತ್ತು. ಆದರೆ ಪೈಪಿನ ಕಣ್ಣಲ್ಲಿ ಇನ್ನೊಮ್ಮೆ ನೋಡೋಣ. 1923ರ ಆಗಸ್ಟಿನಲ್ಲಿ ಎಸ್.ಕೆ. ಬೋಲೆ ಅವರು ಮುಂಬೈ ಶಾಸನ ಪರಿಷತ್ತಿನಲ್ಲಿ ಠರಾವು ಪಾಸು ಮಾಡಿಸಿದರು: ಸಾರ್ವಜನಿಕ ಹಣದಿಂದ ನಡೆಯುವ ಕೆರೆ, ಬಾವಿ, ಶಾಲೆ, ಛತ್ರಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. 1924ರಲ್ಲಿ ಮಹಾಡ್ ಪುರಸಭೆಯೂ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ನಿರ್ಣಯ ಮಾಡ್ತು. ಕಾಗದದ ಮೇಲೆ ನೀರು ಸಿಕ್ಕಿತು. ಮೂರು ವರ್ಷ ಆದರೂ ಒಬ್ಬ ದಲಿತ ಆ ಕೆರೆಗೆ ಇಳಿಯೋಕೆ ಆಗಲಿಲ್ಲ. 1927ರ ಮಾರ್ಚಿನಲ್ಲಿ ಸಮ್ಮೇಳನಕ್ಕೆ ಬಂದ ಸಾವಿರಾರು ಜನಕ್ಕೆ ಕುಡಿಯುವ ನೀರನ್ನು ಸಂಘಟಕರು 40 ರೂಪಾಯಿ ಕೊಟ್ಟು ಸವರ್ಣೀಯರಿಂದ ಕೊಳ್ಳಬೇಕಾಯ್ತು. ಪಕ್ಕದಲ್ಲೇ ಕೆರೆ ತುಂಬಿ ನಿಂತಿತ್ತು. ಮಾರ್ಚ್ 20ರಂದು ಬಾಬಾಸಾಹೇಬರು ಬೊಗಸೆಯಲ್ಲಿ ನೀರೆತ್ತಿ ಕುಡಿದರು, ಜನ ಕುಡಿದರು, ಆಮೇಲೆ ದೊಣ್ಣೆ ಏಟು ಬಿತ್ತು. ಕೆರೆಯನ್ನು 'ಶುದ್ಧ' ಮಾಡೋಕೆ 108 ಕೊಡ ನೀರು ಎತ್ತಿ, ಅದಕ್ಕೆ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ ಮತ್ತೆ ಕೆರೆಗೇ ಸುರಿದರು. ದನದ ಗಂಜಲ ಬಿದ್ದರೆ ನೀರು ಶುದ್ಧ, ಮನುಷ್ಯನ ಕೈ ತಾಕಿದರೆ ಅಶುದ್ಧ. ಪುರಸಭೆ ತನ್ನ ನಿರ್ಣಯವನ್ನೇ ವಾಪಸ್ ತಗೊಂಡಿತು. ಆ ಕೆರೆಯ ಮೇಲಿನ ಕೇಸು ಬಾಂಬೆ ಹೈಕೋರ್ಟಿನಲ್ಲಿ ನಮ್ಮ ಪರ ಆಗೋ ಹೊತ್ತಿಗೆ 1937 ಬಂದಿತ್ತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಆ ಹತ್ತು ವರ್ಷದ ಗುರುತು ಸಂವಿಧಾನದಲ್ಲಿದೆ. 17ನೇ ವಿಧಿ ಎಲ್ಲರಿಗೂ ಬಾಯಿಪಾಠ. 15ನೇ ವಿಧಿಯ ಎರಡನೇ ಉಪವಿಧಿಯನ್ನೂ ಒಮ್ಮೆ ಓದಿ. ಅಲ್ಲಿ ಬಾವಿ, ಕೆರೆಗಳ ಜೊತೆಗೆ ಸ್ನಾನಘಟ್ಟ ಅನ್ನೋ ಪದವೂ ಇದೆ. ಒಂದು ದೇಶದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ಸ್ನಾನ ಮಾಡುವ ಜಾಗವನ್ನೂ ಹೆಸರು ಹಿಡಿದು ಬರೆಯಬೇಕಾಯ್ತು ಅಂದ್ರೆ ಆ ದೇಶದ ಬಚ್ಚಲ ಚರಿತ್ರೆ ಹೇಗಿತ್ತು ಅಂತ ಊಹಿಸಿ.

ಯಾಕಂದ್ರೆ ಜಾತಿ ಸಮಾಜದಲ್ಲಿ ಸ್ನಾನ ಅನ್ನೋದು ಮೈಕೊಳೆ ತೊಳೆಯೋದಷ್ಟೇ ಆಗಿರಲಿಲ್ಲ. ನಮ್ಮನ್ನು ಮುಟ್ಟಿದರೆ ಸ್ನಾನ, ಕೆಲವು ಕಡೆ ನೆರಳು ಬಿದ್ದರೂ ಸ್ನಾನ. ಅವರು ತೊಳ್ಕೊಳ್ತಿದ್ದದ್ದು ನಮ್ಮನ್ನ. ನಮಗೋ ಸ್ನಾನಕ್ಕೆ ನೀರಿಲ್ಲ. ನೀರಿಲ್ಲದ್ದರಿಂದ ಕೊಳಕು. ಕೊಳಕಾದ್ದರಿಂದ ಮುಟ್ಟಬಾರದು. ಮುಟ್ಟಬಾರದ್ದರಿಂದ ನೀರು ಕೊಡಬಾರದು. ಗಾಣದ ಎತ್ತಿನ ಹಾಗೆ ಈ ಸುತ್ತು ತಿರುಗ್ತಾನೇ ಇತ್ತು.

ನೀರು ಕೊಟ್ಟಾಗಲೂ ಕೊಡುವ ರೀತಿ ಬೇರೆ. ಹಿರಿಯರನ್ನು ಕೇಳಿ ನೋಡಿ. ಕೆಲಸಕ್ಕೆ ಹೋದ ಮನೆಯಲ್ಲಿ ಬಾಯಾರಿದರೆ ಬಗ್ಗಿ ನಿಂತು ಬೊಗಸೆ ಒಡ್ಡಬೇಕು. ಅವರು ಎತ್ತರದಿಂದ, ಚೊಂಬು ತಾಗದ ಹಾಗೆ ನೀರು ಹುಯ್ಯುತ್ತಾರೆ. ಅರ್ಧ ಬಾಯಿಗೆ, ಅರ್ಧ ಮೊಣಕೈಗೆ. ನಮ್ಮ ಜನರ ಮೈಗೆ ಮೇಲಿನಿಂದ ಬೀಳುವ ನೀರು ಅಂದ್ರೆ ಶತಮಾನಗಳ ಕಾಲ ಇದೇ. ಬಚ್ಚಲಲ್ಲಿ ಶವರ್ ಕೂರಿಸಿ, ನೆಟ್ಟಗೆ ನಿಂತು, ನಮ್ಮ ಕೈಯಾರೆ ತಿರುಪು ತಿರುಗಿಸಿದಾಗ ಬೀಳುವುದೂ ಮೇಲಿನಿಂದ ಬೀಳುವ ನೀರೇ. ಬೊಗಸೆ ಒಡ್ಡಬೇಕಾಗಿಲ್ಲ, ಬಗ್ಗಬೇಕಾಗಿಲ್ಲ. "ನಿಮ್ಮ ಜನಕ್ಕೂ ಶವರ್ ಬೇಕಾ?" ಅಂತ ನಗುವವರಿಗೆ ಈ ವ್ಯತ್ಯಾಸ ತಿಳಿಯಲ್ಲ.

ಇನ್ನೊಂದು ಮಾತು. ಶವರ್ ಅಂದ್ರೆ ಶ್ರೀಮಂತರ ವಸ್ತು ಅನ್ನೋ ಭಾವನೆ ನಮ್ಮಲ್ಲೂ ಇದೆ. ಅದರ ಚರಿತ್ರೆ ಹಾಗೆ ಹೇಳಲ್ಲ. 1767ರಲ್ಲಿ ಇಂಗ್ಲೆಂಡಿನ ವಿಲಿಯಂ ಫೀಥಮ್ ಅನ್ನೋ ಒಲೆ ತಯಾರಕ ಕೈಪಂಪಿನ ಶವರ್‌ಗೆ ಪೇಟೆಂಟ್ ತಗೊಂಡದ್ದು ನಿಜ. ಅದು ದೊಡ್ಡ ಮನೆಗಳ ಆಟಿಕೆಯಾಯ್ತು. ಆದರೆ ಸಾಲಾಗಿ ನಿಂತು ಸ್ನಾನ ಮಾಡುವ ಶವರ್ ಬೆಳೆದದ್ದು 1870ರ ದಶಕದಲ್ಲಿ, ಫ್ರಾನ್ಸಿನ ರೂವಾನ್ ನಗರದ ಜೈಲಿನಲ್ಲಿ. ಅಲ್ಲಿನ ವೈದ್ಯ ಮೆರಿ ಡೆಲಬೋಸ್ಟ್ ಕೈದಿಗಳಿಗಾಗಿ ಅದನ್ನು ಮಾಡಿಸಿದರು. ಕಾರಣ ಸರಳ: ತೊಟ್ಟಿ ಸ್ನಾನಕ್ಕಿಂತ ನೀರು ಕಡಿಮೆ, ಸಮಯ ಕಡಿಮೆ, ಒಬ್ಬರು ಮಿಂದ ನೀರು ಇನ್ನೊಬ್ಬರಿಗೆ ತಾಗಲ್ಲ. ಆಮೇಲೆ ಅದು ಸೈನಿಕರ ಬ್ಯಾರಕ್ಕುಗಳಿಗೂ ಹೋಯ್ತು. ಶವರ್ ಎಲ್ಲರ ಕೈಗೂ ಬಂದದ್ದು ಬಡವರ ಮೈಯಿಂದಲೇ.

ಇಷ್ಟು ಹೊತ್ತು ಒಳಗೆ ಬರುವ ನೀರಿನ ಮಾತು. ಪೈಪಿಗೆ ಇನ್ನೊಂದು ತುದಿ ಇದೆ.

ಬೆಂಗಳೂರಿಗೆ ಹೆಸರಘಟ್ಟದಿಂದ ಕೊಳವೆ ನೀರು ಬಂದದ್ದು ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1890ರ ದಶಕದಲ್ಲಿ. ಸ್ವಲ್ಪ ದಿನಕ್ಕೆ, 1898ರಲ್ಲಿ ಪ್ಲೇಗ್ ಬಂತು. ಆ ಹೊತ್ತಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳನ್ನು ಇವತ್ತಿಗೂ ನಗರ ಯೋಜನೆಯ ಮಾದರಿ ಅಂತ ಹೊಗಳ್ತಾರೆ. ಅಗಲ ರಸ್ತೆ, ಗಾಳಿ, ಬೆಳಕು, ಮರ. ಸರಿ. ಒಮ್ಮೆ ಆ ಮನೆಗಳ ಹಿಂದಕ್ಕೆ ಹೋಗಿ. ಎರಡು ಸಾಲು ಮನೆಗಳ ಬೆನ್ನ ನಡುವೆ ಇಕ್ಕಟ್ಟಾದ ಗಲ್ಲಿ ಇದೆ, ಹೆಸರು ಕನ್ಸರ್ವೆನ್ಸಿ. ಕಕ್ಕಸಿನ ಗುಂಡಿ ತೆರೆಯುತ್ತಿದ್ದದ್ದು ಆ ಕಡೆಗೆ. ಜಾಡಮಾಲಿ ಅಂತ ಕರೆಸಿಕೊಂಡ ನಮ್ಮವರು ಆ ಗಲ್ಲಿಯಲ್ಲಿ ಬಂದು, ಮಲ ಬಾಚಿ ತುಂಬಿಕೊಂಡು, ಆ ಗಲ್ಲಿಯಲ್ಲೇ ಹೋಗಬೇಕು. ಮುಂದಿನ ರಸ್ತೆಗೆ ಮುಖ ತೋರಿಸಬೇಕಾಗಿಲ್ಲ. ಮುಂಬಾಗಿಲಿಗೆ ಕೊಳವೆಯಲ್ಲಿ ನೀರು, ಹಿಂಬಾಗಿಲಿಗೆ ಮನುಷ್ಯನ ತಲೆ. ಅಸ್ಪೃಶ್ಯತೆಯನ್ನು ಸರ್ವೇ ಮಾಡಿ, ಅಳತೆ ಹಾಕಿ, ನಕ್ಷೆಯಲ್ಲೇ ಬರೆದಿದ್ದರು. ಈಗ ಆ ಗಲ್ಲಿಗಳಲ್ಲಿ ಸ್ಕೂಟರ್ ನಿಲ್ಲಿಸ್ತಾರೆ. ಅದು ಯಾಕಿದೆ ಅಂತ ಅಲ್ಲಿನ ಮಕ್ಕಳಿಗೆ ಯಾರೂ ಹೇಳಿಕೊಡಲ್ಲ.

ಕೋಲಾರದ ಚಿನ್ನದ ಗಣಿ ಊರು ನೋಡಿ. 1902ರಲ್ಲೇ ಶಿವನಸಮುದ್ರದ ಕರೆಂಟು ಅಲ್ಲಿಗೆ ಬಂತು, ಬೆಂಗಳೂರಿಗಿಂತ ಮೊದಲು. ಭೂಮಿಯೊಳಕ್ಕೆ ಕಿಲೋಮೀಟರುಗಟ್ಟಲೆ ಇಳಿಯುವ ಯಂತ್ರ ಇತ್ತು. ಆದರೆ ಒಣ ಕಕ್ಕಸುಗಳು 1990ರ ದಶಕದಲ್ಲೂ ಇದ್ದವು. ಅವನ್ನು ಬಾಚುತ್ತಿದ್ದ ಕುಟುಂಬವೊಂದರಲ್ಲೇ ಬೆಜವಾಡ ವಿಲ್ಸನ್ ಹುಟ್ಟಿದ್ದು. ಅವರು ಫೋಟೊ ತೆಗೆದು, ಅರ್ಜಿ ಬರೆದು, ಜಗಳ ಆಡಿ ಕಕ್ಕಸು ಕೆಡವಿಸೋಕೆ ಶುರು ಮಾಡಿದ್ದು ಅಲ್ಲಿಂದಲೇ.

ಅದಕ್ಕೂ ಮೊದಲು, 1970ರ ದಶಕದ ಆರಂಭದಲ್ಲಿ, ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಬಸವಲಿಂಗಪ್ಪ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು 1973ರ ಬೂಸಾ ಗಲಾಟೆ. ಆ ಒಂದು ಪದಕ್ಕೆ ಅವರ ಕುರ್ಚಿ ಹೋಯ್ತು. ಆ ಮನುಷ್ಯ ಸಾವಿರಾರು ತಲೆಗಳ ಮೇಲಿನ ಬಕೆಟ್ ಇಳಿಸೋಕೆ ಆಜ್ಞೆ ಮಾಡಿದ್ದನ್ನು ಯಾಕೆ ಅಷ್ಟೇ ಜೋರಾಗಿ ನೆನಪಿಸಿಕೊಳ್ಳಲ್ಲ ನಾವು? ಆಜ್ಞೆ ಆದಮೇಲೂ ಬಕೆಟ್ ಪೂರ್ತಿ ಇಳೀಲಿಲ್ಲ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ಜನ ತಮ್ಮ ಮನೆಗಳಿಂದ ಒಕ್ಕಲೆಬ್ಬಿಸುವುದರ ವಿರುದ್ಧ ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ನಾಡು ಮೂಗು ಮುಚ್ಚಿಕೊಂಡಿತು. ಆ ಮೂಗಿನ ಸುಖಕ್ಕೆ ಅವರು ತಲೆಮಾರುಗಳಿಂದ ದುಡಿದಿದ್ದರು.

1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು. ಎರಡನೆಯದು ಜಾರಿಗೆ ಬಂದದ್ದು 2013ರ ಡಿಸೆಂಬರ್ 6ಕ್ಕೆ, ಬಾಬಾಸಾಹೇಬರ ಪರಿನಿಬ್ಬಾಣದ ದಿನ. 2014ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು 1993ರಿಂದ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ತಲಾ 10 ಲಕ್ಷ ಕೊಡಿ ಅಂದಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಯ್ತು ಅಂದ್ರೆ ಸಾವು ನಿಂತಿಲ್ಲ ಅಂತ ಅರ್ಥ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ.

ಕುಂಬಾರ, ಕಮ್ಮಾರ, ಬಡಗಿ, ಅಗಸ, ಹೀಗೆ ನಮ್ಮ ದೇಶದ ಹಳೇ ಕಸುಬಿಗೆಲ್ಲ ಜಾತಿಯ ಹೆಸರಿದೆ. ಪ್ಲಂಬರ್ ಅನ್ನೋದಕ್ಕಿಲ್ಲ. ಸೀಸಕ್ಕೆ ಲ್ಯಾಟಿನ್‌ನಲ್ಲಿ ಪ್ಲಂಬಮ್ ಅಂತಾರೆ, ರೋಮನ್ನರು ಸೀಸದ ಕೊಳವೆ ಹಾಕ್ತಿದ್ರು, ಹೆಸರು ಅಲ್ಲಿಂದ ಬಂತು. ಮನುವಿನ ಪಟ್ಟಿಯಲ್ಲಿ ಇಲ್ಲದ ಕಸುಬು. ಯಾರು ಬೇಕಾದರೂ ಕಲೀಬಹುದು. ಒಡಿಶಾದ ಕೇಂದ್ರಪಾಡಾ ಜಿಲ್ಲೆಯ ಹುಡುಗರು ಇದನ್ನೇ ಕಲಿತು ದೇಶದ ನಗರಗಳಿಗೆಲ್ಲ ಹೋಗಿದ್ದಾರೆ, ಅಲ್ಲಿ ಪ್ಲಂಬಿಂಗ್ ಕಲಿಸೋಕೇ ಒಂದು ಸರ್ಕಾರಿ ಸಂಸ್ಥೆ ಇದೆ. ಮನೆ ಕಟ್ಟುವಾಗ ಪ್ಲಂಬರನ್ನು ಒಳಗೆ ಕರೀತೀವಿ, ಟೀ ಕೊಡ್ತೀವಿ, ಕೂಲಿ ಚೌಕಾಸಿ ಮಾಡಿ ಕೊಡ್ತೀವಿ. ಅದೇ ಮನೆಯ ಅದೇ ಪೈಪು ಕಾಂಪೌಂಡ್ ದಾಟಿ ಚರಂಡಿಗೆ ಸೇರಿ ಕಟ್ಟಿಕೊಂಡರೆ, ಆಗ ಹುಡುಕೋದು ಪ್ಲಂಬರನ್ನಲ್ಲ. "ಯಾರಾದ್ರೂ ನಿಮ್ಮ ಜನ ಇದ್ರೆ ಕಳಿಸಿ" ಅಂತಾರೆ. ಈ ಮಾತನ್ನು ನಾನೇ ಎಷ್ಟೋ ಸಲ ಕೇಳಿದ್ದೀನಿ. ಒಂದೇ ಪೈಪು. ಕಾಂಪೌಂಡಿನ ಈ ಕಡೆ ಕಸುಬು, ಆ ಕಡೆ ಜಾತಿ.

ಇದು ತಾಂತ್ರಿಕ ಅನಿವಾರ್ಯ ಅಲ್ಲ ಅನ್ನೋದಕ್ಕೆ ಬಚ್ಚಲಲ್ಲೇ ಸಾಕ್ಷಿ ಇದೆ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಅನ್ನುವ ಗಡಿಯಾರ ತಯಾರಕ ಕಕ್ಕಸಿನ ಕೆಳಗಿನ ಪೈಪನ್ನು ಹಾವಿನ ಹಾಗೆ ಬಗ್ಗಿಸಿ ಪೇಟೆಂಟ್ ತಗೊಂಡ. ಬಗ್ಗಿದ ಜಾಗದಲ್ಲಿ ಸ್ವಲ್ಪ ನೀರು ನಿಂತಿರುತ್ತೆ, ಚರಂಡಿಯ ಗಾಳಿ ಮೇಲೆ ಬರಲ್ಲ. ಇವತ್ತು ನಿಮ್ಮ ಬಚ್ಚಲ ಮೂಲೆಯಲ್ಲಿ ಜಾಲರಿ ಕೆಳಗೆ ಇರುವ ನಹಾನಿ ಟ್ರ್ಯಾಪ್ ಮಾಡೋದೂ ಅದನ್ನೇ. ಎರಡು ಇಂಚು ನೀರು ಮನೆಯವರ ಮೂಗನ್ನು ಕಾಪಾಡುತ್ತೆ. ಅದೇ ಗಾಳಿ, ಹೈಡ್ರೋಜನ್ ಸಲ್ಫೈಡ್, ಮ್ಯಾನ್‌ಹೋಲ್ ಒಳಗೆ ಇಳಿದವನನ್ನು ಕ್ಷಣದಲ್ಲಿ ಕೆಡವುತ್ತೆ. ಹೆಚ್ಚಿದ್ದಾಗ ಅದರ ವಾಸನೆಯೂ ಗೊತ್ತಾಗಲ್ಲ, ಮೂಗಿನ ಶಕ್ತಿಯೇ ಹೋಗುತ್ತೆ. ಮೇಲಿದ್ದವನು ಕಾಪಾಡೋಕೆ ಇಳೀತಾನೆ, ಅವನೂ ಬೀಳ್ತಾನೆ. ಮನೆಯೊಳಗಿನ ಮೂಗಿಗೆ 250 ವರ್ಷದ ಹಿಂದೆ ಉಪಾಯ ಸಿಕ್ಕಿತು. ಮ್ಯಾನ್‌ಹೋಲಿಗೆ ಯಂತ್ರ ಬಂದ ಮೇಲೂ ಮನುಷ್ಯನನ್ನು ಇಳಿಸೋದು ಯಾಕೆ? ಯಂತ್ರಕ್ಕೆ ಬಾಡಿಗೆ ಹೆಚ್ಚು, ನಮ್ಮವರ ಜೀವಕ್ಕೆ ಕಡಿಮೆ ಅನ್ನೋದು ಬಿಟ್ಟರೆ ಬೇರೆ ಕಾರಣ ಇದ್ದರೆ ಹೇಳಿ.

ಇನ್ನು ನೀರಿನ ತುದಿಯ ಇವತ್ತಿನ ಸ್ಥಿತಿ. 1974ರಿಂದ ಬೆಂಗಳೂರಿಗೆ ಕಾವೇರಿ ಬರ್ತಿದೆ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರ್ತಾರೆ. ಹೊಳೆಯನ್ನೇ ಬೆಟ್ಟ ಹತ್ತಿಸುವ ಸರ್ಕಾರಕ್ಕೆ ಹಳ್ಳಿಯಲ್ಲಿ ಊರಿನಿಂದ ಕೇರಿಗೆ ನೀರು ದಾಟಿಸೋಕೆ ಯಾಕೆ ಕಷ್ಟ? ಪೈಪಿನ ಲೆಕ್ಕ ಗೊತ್ತಿದ್ದರೆ ಉತ್ತರ ಗೊತ್ತಾಗುತ್ತೆ. ನೀರು ಪೈಪಿನಲ್ಲಿ ಹೋಗ್ತಾ ಹೋಗ್ತಾ ಒತ್ತಡ ಕಳ್ಕೊಳ್ಳುತ್ತೆ. ದಾರಿಯಲ್ಲಿ ಸಿಗುವ ಪ್ರತಿ ನಲ್ಲಿ, ಪ್ರತಿ ತಿರುವು, ಕದ್ದು ಹಾಕಿದ ಪ್ರತಿ ಮೋಟರು ಒಂದಷ್ಟು ತಿನ್ನುತ್ತೆ. ಕೊನೆಯ ಮನೆಗೆ ಉಳಿದದ್ದು ಬರುತ್ತೆ. ಊರಿನ ಕೊನೆಯಲ್ಲಿ ಇರೋದು ಯಾವುದು? ಕೇರಿ. ಕೇರಿಯನ್ನು ಅಲ್ಲಿ ಇಟ್ಟದ್ದು ಇಂಜಿನಿಯರ್ ಅಲ್ಲ. ಆದರೆ ಊರ ಮಧ್ಯೆ ಟ್ಯಾಂಕು ಕಟ್ಟಿ, ಊರು ಸುತ್ತಿಸಿ, ಕೊನೆಗೆ ಕೇರಿಗೆ ಒಂದು ಸಣ್ಣ ಪೈಪು ಎಳೆದವನು ಇಂಜಿನಿಯರ್ರೇ. 2019ರಲ್ಲಿ ಬಂದ ಜಲಜೀವನ್ ಮಿಷನ್, ನಮ್ಮಲ್ಲಿ ಮನೆಮನೆಗೆ ಗಂಗೆ, ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನುತ್ತೆ. ನಲ್ಲಿ ಕೂರಿಸಿ ಫೋಟೊ ತೆಗೆದರೆ ಲೆಕ್ಕ ಮುಗೀತು. ಕೊನೆಯ ನಲ್ಲಿಯಲ್ಲಿ ಬಕೆಟ್ ತುಂಬೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಗಡಿಯಾರ ಹಿಡಿದು ನೋಡೋದು ನಮ್ಮ ಕೆಲಸ.

ನೀರು ಬಂದ ಕಡೆಯೂ ಸಾತಾರಾದ ಜವಾನ ಸತ್ತಿಲ್ಲ. 2022ರ ನವೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ, ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳೊಬ್ಬರು ಮೇಲ್ಜಾತಿಯವರ ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರು. ತೊಂಬೆಯ ನೀರನ್ನೆಲ್ಲ ಹರಿಬಿಟ್ಟು ಗಂಜಲದಿಂದ ತೊಳೆದ ಸುದ್ದಿ ಹೊರಬಂತು, ಕೇಸಾಯ್ತು, ಅಧಿಕಾರಿಗಳು ನಮ್ಮವರನ್ನು ಕರೆದುಕೊಂಡು ಹೋಗಿ ಊರಿನ ತೊಂಬೆಗಳಲ್ಲಿ ನೀರು ಕುಡಿಸಿದರು. ಮಹಾಡ್‌ನಲ್ಲಿ ಕೆರೆ, ಇಲ್ಲಿ ತೊಂಬೆ. 1927ರಿಂದ 2022ಕ್ಕೆ 95 ವರ್ಷ. ಗಂಜಲ ಬದಲಾಗಿಲ್ಲ.

ಹಾಗಾದರೆ ಮನೆಯೊಳಗಿನ ನಲ್ಲಿಗೆ, ನಾವೇ ಕೂರಿಸಿಕೊಳ್ಳುವ ಶವರ್‌ಗೆ ಏನು ಬೆಲೆ? ಇದೆ. ಆ ತಿರುಪನ್ನು ಕಾಯೋಕೆ ಯಾವ ಜವಾನನೂ ಬರಲ್ಲ.

ಇದು ಸಾಧ್ಯ ಆದದ್ದರ ಹಿಂದೆ ಒಂದು ಸಣ್ಣ ತಾಂತ್ರಿಕ ಚರಿತ್ರೆಯೂ ಇದೆ. ಮೊದಲು ಇದ್ದದ್ದು ಕಬ್ಬಿಣದ ಜಿ.ಐ. ಪೈಪು. ಅದನ್ನು ವೈಸಿನಲ್ಲಿ ಬಿಗಿದು, ಡೈ ಹಾಕಿ ತಿರುಗಿಸಿ ಮರೆ ಕೊಯ್ಯಬೇಕು. ಸಾಮಾನು ದುಬಾರಿ, ಇಬ್ಬರು ಬೇಕು, ಕಲಿಸುವ ಮೇಸ್ತ್ರಿ ಬೇಕು. ಮೇಸ್ತ್ರಿ ಕೇರಿಗೆ ಬರಲ್ಲ ಅಂದ್ರೆ ಅಲ್ಲಿಗೆ ಮುಗೀತು. ಪಿವಿಸಿ ಪೈಪು ಬಂದಮೇಲೆ ಒಂದು ಹ್ಯಾಕ್ಸಾ ಬ್ಲೇಡು, ಒಂದು ಉಪ್ಪುಕಾಗದ, ಒಂದು ಡಬ್ಬಿ ಸಲ್ಯೂಷನ್ ಸಾಕಾಯ್ತು. ಗಾರೆ ಕೆಲಸಕ್ಕೆ ಹೋಗಿ ಪೇಟೆಯಲ್ಲಿ ಕಣ್ಣಲ್ಲಿ ನೋಡಿ ಬಂದ ನಮ್ಮ ಹುಡುಗರು ತಮ್ಮ ಮನೆಗೆ ತಾವೇ ಪೈಪು ಎಳೆದರು. ಸರ್ಕಾರಿ ಮನೆಯ ದುಡ್ಡು ಗೋಡೆ, ಚಾವಣಿಗೇ ಮುಗಿಯುವ ಕೇರಿಗಳಲ್ಲಿ ಬಚ್ಚಲುಗಳು ಎದ್ದದ್ದು ಹೀಗೇ. ನಮ್ಮ ಮನೆಯ ಬಚ್ಚಲನ್ನೂ ಚಿಕ್ಕಪ್ಪ ಮತ್ತೆ ನಾನು ಸೇರಿ ಮಾಡಿದ್ವಿ. ಅದಕ್ಕೇ ನಾಲ್ಕು ಮಾತು ಹೇಳ್ತೀನಿ, ಕೆಲಸಕ್ಕೆ ಬರಬಹುದು.

ಮೊದಲನೇದು ಎತ್ತರ. ಸುಮಾರು 33 ಅಡಿ ಎತ್ತರದ ನೀರು ಒಂದು ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡ ಕೊಡುತ್ತೆ. ಚಾವಣಿ 10 ಅಡಿ, ಅದರ ಮೇಲೆ 3 ಅಡಿ ಕಟ್ಟೆ, ಶವರ್ ಇರೋದು 7 ಅಡಿಗೆ ಅಂದ್ರೆ ನಿಮಗೆ ಸಿಗೋದು 6 ಅಡಿ. ಒಂದು ಕೆಜಿಯ ಐದನೇ ಒಂದು ಭಾಗಕ್ಕಿಂತ ಕಡಿಮೆ. ಅಗಲವಾದ ದೊಡ್ಡ ಶವರ್ ಹಾಕಿದರೆ ತೊಟ್ಟಿಕ್ಕುತ್ತೆ ಅಷ್ಟೇ. ಸಣ್ಣದು ಹಾಕಿ, ಆದರೆ ಟ್ಯಾಂಕಿನ ಕಟ್ಟೆ ಎತ್ತರಿಸಿ. 500 ಲೀಟರ್ ಟ್ಯಾಂಕು ತುಂಬಿದರೆ 500 ಕೆಜಿ ಮೇಲೆ ಭಾರ, ಹಾಗಾಗಿ ಕಟ್ಟೆ ಗೋಡೆಯ ಮೇಲೆ ಬರಲಿ, ಚಾವಣಿಯ ನಡುಮಧ್ಯೆ ಬೇಡ.

ಟ್ಯಾಂಕಿನಿಂದ ಇಳಿಯುವ ಪೈಪು ಒಂದು ಇಂಚಿನದು, ಬಚ್ಚಲ ತನಕ ಮುಕ್ಕಾಲು ಇಂಚು ಇರಲಿ. ಎಲ್ಬೋ ಕಡಿಮೆ ಆದಷ್ಟೂ ನೀರಿನ ರಭಸ ಉಳಿಯುತ್ತೆ. ಟ್ಯಾಂಕಿನ ಹತ್ತಿರ ಒಂದು ಗಾಳಿ ಪೈಪನ್ನು ಟ್ಯಾಂಕಿಗಿಂತ ಎತ್ತರಕ್ಕೆ ಬಿಡಿ, ಇಲ್ಲದಿದ್ದರೆ ಗಾಳಿ ಕಟ್ಟಿಕೊಂಡು ನೀರು ನಿಲ್ಲುತ್ತೆ. ಸೋಲಾರ್, ಗೀಸರ್ ಕಡೆಯಿಂದ ಬರುವ ಬಿಸಿನೀರಿಗೆ ಸಿಪಿವಿಸಿ ಪೈಪನ್ನೇ ಹಾಕಿ, ಸಾದಾ ಪಿವಿಸಿ ಬಿಸಿಗೆ ಮೆತ್ತಗಾಗುತ್ತೆ. ಸಲ್ಯೂಷನ್ ಹಚ್ಚುವ ಮುಂಚೆ ಪೈಪು ಒಣಗಿರಬೇಕು, ಎರಡೂ ಕಡೆ ಹಚ್ಚಬೇಕು, ತಳ್ಳಿ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಹಿಡೀಬೇಕು. ನಲ್ಲಿಯ ಮರೆಗೆ ಟೆಫ್ಲಾನ್ ಟೇಪನ್ನು ನಲ್ಲಿ ಬಿಗಿಯುವ ದಿಕ್ಕಿಗೇ ಸುತ್ತಿ. ಗೋಡೆ ಮುಚ್ಚುವ ಮುಂಚೆ ಎಲ್ಲ ಬಾಯಿಗೂ ಡಮ್ಮಿ ಹಾಕಿ ನೀರು ಬಿಟ್ಟು ಒಂದು ರಾತ್ರಿ ನೋಡಿ. ಗೀಸರ್‌ನ ವೈರಿಂಗ್ ಮಾತ್ರ ಬಲ್ಲವರಿಂದಲೇ ಮಾಡಿಸಿ, ಅರ್ಥಿಂಗ್ ಇಲ್ಲದೆ ಬೇಡ.

ಕೊನೇದು, ಎಲ್ಲರೂ ಬಿಡೋದು: ಹೊರಗೆ ಹೋಗುವ ಪೈಪು. ನೆಲದ ಇಳಿಜಾರು ಟ್ರ್ಯಾಪಿನ ಕಡೆಗಿರಲಿ. ಪೈಪು ತಿರುಗುವ ಕಡೆಯೆಲ್ಲ ಮುಚ್ಚಳ ಇರುವ ಚೇಂಬರ್ ಕಟ್ಟಿ. ಕಟ್ಟಿಕೊಂಡರೆ ಮೇಲೆ ನಿಂತು ಕೋಲು ಹಾಕಿ ಬಿಡಿಸುವಂತಿರಬೇಕು, ಯಾರೂ ಇಳಿಯುವಂತಿರಬಾರದು. ಪ್ಯಾಡು, ಬಟ್ಟೆ, ಪ್ಲಾಸ್ಟಿಕ್ ಕಕ್ಕಸಿಗೆ ಹಾಕಬೇಡಿ. ಗುಂಡಿ ತುಂಬಿದರೆ ಹೀರುವ ಗಾಡಿಗೆ ಫೋನ್ ಮಾಡಿ, ಸ್ಥಳೀಯ ಸಂಸ್ಥೆ ಕಳಿಸದಿದ್ದರೆ ಲಿಖಿತ ಅರ್ಜಿ ಕೊಡಿ. "ಐನೂರು ಕೊಡ್ತೀವಿ, ಸ್ವಲ್ಪ ಇಳಿ" ಅನ್ನುವ ಮಾತು ನಮ್ಮ ಮನೆಯಲ್ಲೂ, ನಮ್ಮ ಬೀದಿಯಲ್ಲೂ ಕೇಳಬಾರದು. ದಲಿತರ ಮನೆ ಗುಂಡಿಗೆ ಇನ್ನೊಬ್ಬ ದಲಿತನನ್ನು ಇಳಿಸಿದರೂ ಅದು ಅದೇ ಅಪರಾಧ.

ಕೇರಿಯ ಹುಡುಗ ಹುಡುಗಿಯರಿಗೆ ನನ್ನ ಕೋರಿಕೆ ಇಷ್ಟೇ. ಈ ಕಸುಬು ಕಲಿಯಿರಿ, ಪೈಪಿನ ಎರಡೂ ತುದಿಯನ್ನು ಕಲಿಯಿರಿ. ಹೊಟ್ಟೆಪಾಡಿಗೆ ಆಗುತ್ತೆ, ಅದಕ್ಕಿಂತ ಹೆಚ್ಚಾಗಿ ಗ್ರಾಮಸಭೆಯಲ್ಲಿ ನಿಂತು ಮಾತಾಡೋಕೆ ಆಗುತ್ತೆ. "ಕೇರಿಗೆ ನೀರು ಬರ್ತಿಲ್ಲ" ಅಂದ್ರೆ "ನೋಡೋಣ" ಅಂತಾರೆ. "ಮುಖ್ಯ ಪೈಪು ಎಷ್ಟು ಇಂಚು, ಕೇರಿಗೆ ಎಷ್ಟು ಇಂಚಿನದು ಎಳೆದಿದ್ದೀರಿ, ವಾಲ್ವ್ ಎಲ್ಲಿದೆ, ಅದನ್ನು ತಿರುಗಿಸುವವರು ಯಾರು, ಪೈಪ್‌ಲೈನ್ ನಕ್ಷೆ ಕೊಡಿ" ಅಂದ್ರೆ ಪಿಡಿಒ ಕುರ್ಚಿಯಲ್ಲಿ ನೆಟ್ಟಗೆ ಕೂರ್ತಾರೆ. ಸಾತಾರಾದ ಹುಡುಗ ನಲ್ಲಿಯ ತಿರುಪು ಯಾರ ಕೈಲಿದೆ ಅನ್ನೋದನ್ನು ಮರೆಯದೆ ಬರೆದಿಟ್ಟರು. ಊರಿನ ವಾಲ್ವ್ ಕೀಲಿ ಇವತ್ತು ಯಾರ ಕೈಲಿದೆ ಅಂತ ಈ ವಾರ ನಿಮ್ಮ ನಿಮ್ಮ ಊರಲ್ಲಿ ವಿಚಾರಿಸಿ, ಕೆಳಗೆ ಬರೆಯಿರಿ.

ಜೈ ಭೀಮ್.